ಹಸಿರು ಗೆರೆಯ ಚೌಕಟ್ಟು

ಶಿಷ್ಯ ಯಾಕೂಬ ಕೇಳಿದ: "ಪೀರ್ ಸಾಹೇಬರೇ, ನನ್ನ ಪ್ರವಚನಕ್ಕೆ ಈಗ ಅಂಗಳ ಸಾಲದಷ್ಟು ಜನ. ದೇವರ ಮಾತಿಗೆ ನನ್ನ ಮಾತಿನ ಚಿತ್ತಾರ ಇನ್ನಷ್ಟು ಸೇರಿಸಿದರೆ ತಪ್ಪೇನು?"

"ಕೂತುಕೋ," ಎಂದು ಪೀರ್ ಸಾಹೇಬರು ಕತೆ ಹೇಳಿದರು.

ಪರ್ಷಿಯಾದ ಶಿರಾಜಿನಿಂದ ಬೀದರಿಗೆ ಒಬ್ಬ ಚಿತ್ತಾರಗಾರ ಬಂದಿದ್ದ. ಕೈಯಲ್ಲಿ ಕಲೆ ಇತ್ತು. ಬಾಯಲ್ಲಿ ಅದಕ್ಕಿಂತ ಹೆಚ್ಚಿತ್ತು. ಅವನ ಜಂಬ ಕೇಳಿದರೆ ಕೋಟೆಯ ಬುರುಜೂ ನಾಚಿ ಮೊಳ ಕುಗ್ಗಬೇಕು.

ಒಬ್ಬ ಮುದಿ ಲಿಪಿಕಾರ ತಾನು ಬರೆದ ಕುರಾನಿನ ಹಾಳೆಗಳನ್ನು ಅವನ ಮುಂದಿಟ್ಟ. ಬರೆಯುತ್ತ ಬರೆಯುತ್ತ ಮುದುಕನ ಕಣ್ಣು ಮಂಜಾಗಿತ್ತು.

"ಮಿಯಾ, ಇನ್ನೊಂದು ಬರೆಯಲು ನನಗೆ ಕಣ್ಣಿಲ್ಲ. ಅಲಂಕಾರ ಮಾಡು, ಆದರೆ ಜೋಪಾನ."

"ಹಜರತ್, ಯಾರ ಹತ್ತಿರ ಜೋಪಾನದ ಮಾತು! ನಾನು ಬಿಡಿಸಿದ ಹೂವಿಗೆ ಎರಗಿ ದುಂಬಿಗಳು ಮೂತಿ ಜಜ್ಜಿಕೊಂಡಿವೆ. ನನ್ನ ಹಸಿರು ನೋಡಿದ ಮೇಲೆ ಸುಲ್ತಾನರ ಕುದುರೆ ಲಾಯದ ಹುಲ್ಲನ್ನೇ ಮುಟ್ಟಲಿಲ್ಲ."

"ಕುದುರೆ ಉಪವಾಸ ಇರಲಿ, ಪಾಪ. ನೀನು ಹಸಿರಿಗೆ ಕೇಸರಿ ಎಸಳಿನ ನೀರು ಬೆರೆಸುವುದನ್ನು ಮರೆಯಬೇಡ."

ಆ ಹಸಿರು ತಾಮ್ರದ ಕಿಲುಬಿನಿಂದ ಬರುವ ಬಣ್ಣ. ಕಿಲುಬಿಗೆ ಕಾಗದ ತಿನ್ನುವ ಚಾಳಿ. ಕೇಸರಿ ನೀರು ಬಿದ್ದರೆ ತೆಪ್ಪಗಿರುತ್ತದೆ, ಆದರೆ ಹೊಳಪು ತುಸು ಇಳಿಯುತ್ತದೆ. ಚಿತ್ತಾರಗಾರನಿಗೆ ಇದು ಗೊತ್ತಿತ್ತು. ಒಂದು ಹನಿ ಹಾಕಿ ನೋಡಿದ. ಹಸಿರು ಮಂಕಾಯಿತು. ಅವನ ಮುಖವೂ ಮಂಕಾಯಿತು. ಕೇಸರಿ ಬಟ್ಟಲನ್ನು ಆಚೆ ಸರಿಸಿ ಹೊಸ ಹಸಿರು ಕಲಸಿದ.

ಪ್ರತಿ ಹಾಳೆಯಲ್ಲೂ ಬರಹದ ಸುತ್ತ ಹಸಿರು ಗೆರೆ ಎಳೆದ. ಗೆರೆಯಾಚೆ ಚಿನ್ನದ ಬಳ್ಳಿ ಹಬ್ಬಿಸಿ, ಅಕೀಕು ಕಲ್ಲಿನಿಂದ ತಿಕ್ಕಿ ಮಿಂಚಿಸಿದ. ಕೆಂಪು ಚರ್ಮದ ರಟ್ಟು ಕಟ್ಟಿಸಿ, ಅದಕ್ಕೂ ಚಿನ್ನದ ಅಚ್ಚು ಒತ್ತಿಸಿದ. ದರ್ಬಾರು ವಾಹ್ ಎಂದಿತು. ಗ್ರಂಥ ರೇಷ್ಮೆ ಬಟ್ಟೆ ಸುತ್ತಿಕೊಂಡು ಮಸೀದಿಯ ಪೆಟ್ಟಿಗೆ ಸೇರಿತು.

ಯಾರೂ ಅದನ್ನು ಬಿಚ್ಚದೆ ವರ್ಷಗಳು ಉರುಳಿದವು. ಲಿಪಿಕಾರನ ಕಣ್ಣು ಪೂರ್ತಿ ಹೋಯಿತು. ಸಾಯುವ ಮುಂಚೆ ತನ್ನ ಹಾಳೆಗಳಿಂದಲೇ ಓದಿಸಿ ಕೇಳಬೇಕೆಂದು ಅವನು ಆಸೆಪಟ್ಟ. ಊರು ಸೇರಿತು. ಗ್ರಂಥ ಬಿಚ್ಚಲು ಚಿತ್ತಾರಗಾರನೇ ಮುಂದೆ ಬಂದ.

"ಮುಂದೆ ಕೂತವರು ಕಣ್ಣಿಗೆ ಕೈ ಅಡ್ಡ ಹಿಡಿಯಿರಪ್ಪ, ಹೊಳಪು ತಡೆಯಲಾರಿರಿ!" ಎಂದು ರಟ್ಟು ತೆರೆದು ಹಾಳೆ ಎತ್ತಿದ.

ಹಾಳೆ ಬಂತು. ಬರಹ ಬರಲಿಲ್ಲ.

ಹಸಿರು ಗೆರೆ ಕಾಗದವನ್ನು ಸುತ್ತಲೂ ತಿಂದುಹಾಕಿತ್ತು. ನಡುವಿನ ತುಂಡು ಕಳಚಿ ಜಾರಿ ನೆಲಕ್ಕೆ ಬಿತ್ತು. ಜನ ಹೌಹಾರಿ ಎದ್ದು ನಿಂತರು. ಅವನು ಬಾಗಿ ಎತ್ತಿಕೊಳ್ಳಲು ಹೋದ. ಅದು ಬೆರಳಲ್ಲೇ ಪುಡಿಯಾಯಿತು. ಇನ್ನೊಂದು ಹಾಳೆ ಎತ್ತಿದ. ಅದೂ ಹಾಗೆಯೇ. ಹಿಡಿದಿದ್ದ ಚೌಕಟ್ಟಿನಲ್ಲಿ ಚಿನ್ನದ ಬಳ್ಳಿ ನಿನ್ನೆ ಬರೆದಂತೆ ಮಿಂಚುತ್ತಿತ್ತು. ನಡುವಿನ ಕಿಂಡಿಯಲ್ಲಿ, ಕಿವಿ ಮುಂದೆ ಚಾಚಿ ಕಾಯುತ್ತಿದ್ದ ಮುದುಕನ ಮುಖ ಕಂಡಿತು.

"ಯಾಕೆ ಯಾರೂ ಓದುತ್ತಿಲ್ಲ?" ಎಂದ ಲಿಪಿಕಾರ. "ಮಿಯಾ, ನಿನ್ನ ಹೂಗಳೇನಾದರೂ ಉದುರಿದವೇ?"

"ಇಲ್ಲ ಹಜರತ್," ಎಂದ ಚಿತ್ತಾರಗಾರ. "ಹೂಗಳೆಲ್ಲ ಇವೆ."

ಪೀರ್ ಸಾಹೇಬರು ಯಾಕೂಬನ ಕಡೆ ತಿರುಗಿದರು.

"ನಿನ್ನೆ ನಿನ್ನ ಪ್ರವಚನ ಕೇಳಿ ಬಂದವರನ್ನು, ಅದರಲ್ಲಿ ದೇವರ ಮಾತು ಏನಿತ್ತು ಎಂದು ವಿಚಾರಿಸಿದೆ. ಎಲ್ಲರೂ ನಿನ್ನ ದನಿಯನ್ನೇ ಹೊಗಳಿದರು."