ಸೌದೆ ಕೋಣೆಯ ಗರಡಿ

ನದಿಯ ಈ ದಂಡೆಯಲ್ಲಿ ಒಂದು ಗರಡಿ ಮನೆ. ಆ ದಂಡೆಯಲ್ಲಿ ಒಂದು ವಿಶ್ವವಿದ್ಯಾಲಯ. ಇಲ್ಲಿಯವರಿಗೆ ಓದು ಹತ್ತದು, ಅಲ್ಲಿಯವರಿಗೆ ಬೆನ್ನು ನಿಲ್ಲದು. ನಡುವೆ ನೀರು ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

ಗರಡಿಯ ಗುರು ಬೀರಯ್ಯನವರು. ಗರಡಿಯಲ್ಲಿ ಗುರುವನ್ನು ಉಸ್ತಾದ್ ಅನ್ನುವುದು ವಾಡಿಕೆ. ಅವರ ಹಿರಿಯ ಶಿಷ್ಯ ಜವರಾಯಿ. ಸುತ್ತಲ ಸೀಮೆಯಲ್ಲಿ ಅವನ ಬೆನ್ನಿಗೆ ಮಣ್ಣು ತಾಗಿಸಿದ ಪೈಲ್ವಾನನಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ಉಸ್ತಾದರ ಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿಯೇಬಿಟ್ಟ.

"ಉಸ್ತಾದ್ರೇ, ನಿಮ್ಗೂ ವಯಸ್ಸಾಯ್ತು. ಈ ಗರಡೀನ ನನ್ ಕೈಗೆ ಯಾವಾಗ ಕೊಡ್ತೀರಿ? ನಾನು ಗುರು ಆಗೋದು ಯಾವಾಗ?"

ಬೀರಯ್ಯನವರು ಕಾಲು ಎಳೆದುಕೊಳ್ಳಲಿಲ್ಲ.

"ಇದು ನಮ್ ಉಸ್ತಾದ್ರು ಕಟ್ಟಿದ್ದು ಕಣ್ಲಾ. ಇದ್ರಲ್ಲಿ ನಿಂದೇನೈತೆ? ನೀನೊಂದು ಗರಡಿ ಕಟ್ಟಿ ತೋರ್ಸು. ಆಮೇಲೆ ಮಾತಾಡನ."

ಆ ವಾರವೇ ಆ ದಂಡೆಯಿಂದ ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಸೇತುವೆ ದಾಟಿ ಬಂದರು. ಹುಡುಗರೆಲ್ಲ ಕೂತು ಕೂತು ಕೊಕ್ಕೆಯಾಗಿದ್ದಾರೆ, ಸ್ವಲ್ಪ ಸಾಮು ಮಾಡಿಸಬೇಕು ಅಂದರು. ಆದರೆ ಕೊಡೋಕೆ ಜಾಗವಿಲ್ಲ. ಅಡುಗೆಮನೆ ಹಿಂದೆ ಒಂದು ಸೌದೆ ಕೋಣೆ ಉಂಟು, ಗ್ಯಾಸ್ ಬಂದ ಮೇಲೆ ಖಾಲಿ ಬಿದ್ದಿದೆ.

"ಯುಗಾದಿವರೆಗೆ ನೋಡ್ತೀವಿ ಉಸ್ತಾದ್ರೇ. ಹುಡುಗರು ಬಂದ್ರೆ ಕೋಣೆ ನಿಮ್ದು. ಬರದೇ ಇದ್ರೆ ಮುರಿದ ಮಂಚ ತುಂಬಿಸ್ತೀವಿ."

ಬೀರಯ್ಯನವರು ಜವರಾಯಿಯ ಮುಖ ನೋಡಿದರು. ಅವನ ಎದೆ ಆಗಲೇ ಎರಡು ಬೆರಳು ಉಬ್ಬಿತ್ತು.

ಕೋಣೆ ಹೇಗಿತ್ತು ಅಂದರೆ, ಒಂದು ಗಾಡಿ ಒಳಗೆ ಹೋದರೆ ಎತ್ತುಗಳು ಹೊರಗೇ ನಿಲ್ಲಬೇಕು. ಒಂದು ಬಾಗಿಲು, ಒಂದು ಕಿಟಕಿ. ಕೈಯೆತ್ತಿದರೆ ಸೂರು.

ಜವರಾಯಿ ಹೆದರುವ ಆಳಲ್ಲ. ಒಂದು ಗೋಡೆಗೆ ಗದೆ ನಿಲ್ಲಿಸಿದ. ಇನ್ನೊಂದಕ್ಕೆ ಕರ್ಲಕಟ್ಟೆಗಳ ಸಾಲು ತೂಗುಹಾಕಿದ. ಕರ್ಲಕಟ್ಟೆ ಅಂದರೆ ಮೇಲೆ ತೆಳ್ಳಗೆ, ಕೆಳಗೆ ತೊಡೆಯಷ್ಟು ದಪ್ಪಗಿರುವ ಮರದ ಕೊರಡು. ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಇಳಿಸಿ ಸುತ್ತಿಸಬೇಕು. ಮೂಲೆಗೊಂದು ಕಲ್ಲುಗುಂಡು, ಸೂರಿಗೊಂದು ಹಗ್ಗ, ಬಾಗಿಲ ಎದುರಿಗೆ ಆಳೆತ್ತರದ ಕನ್ನಡಿ. ಏನು ಬೇಕೋ ಎಲ್ಲವೂ ಬಂತು.

ಉಸ್ತಾದರು ಬಂದು ಹೊಸ್ತಿಲಲ್ಲಿ ನಿಂತರು. ಒಳಗೆ ಕಾಲಿಡಲು ಜಾಗ ಹುಡುಕಿದರು. ಸಿಗಲಿಲ್ಲ.

"ಭೇಷ್. ಸಾಮಾನುಗಳು ಸಾಮು ಮಾಡಾಕೆ ಒಳ್ಳೇ ಜಾಗ. ಮಕ್ಳು ಎಲ್ಲಿ ನಿಂತ್ಕತವೆ?"

ಜವರಾಯಿ ನೆತ್ತಿ ಕೆರೆದುಕೊಂಡ. "ಜಾಗ ಸಾಲದು ಉಸ್ತಾದ್ರೇ. ಸೂರು ಬೇರೆ ತಗ್ಗು. ಕರ್ಲಕಟ್ಟೆ ಎತ್ತಿದ್ರೆ ಹೆಂಚಿಗೆ ಹೊಡೀತದೆ. ಇದ್ರಲ್ಲಿ ಗರಡಿ ಮಾಡು ಅಂದ್ರೆ ಹೆಂಗೆ?"

ಬೀರಯ್ಯನವರು ಅಡುಗೆಮನೆಗೆ ಹೋಗಿ ಒಂದು ಗುದ್ದಲಿ ಕೇಳಿ ತಂದರು. ಅದನ್ನು ಅವನ ಕೈಗಿತ್ತರು.

"ಮೇಲಕ್ಕೆ ಜಾಗ ಇಲ್ಲ, ಸರಿ. ಕೆಳಕ್ಕೂ ಇಲ್ವಾ?"

ಜವರಾಯಿ ನಾಚಿದ. ಹುಟ್ಟಿದಾಗಿನಿಂದ ಗರಡಿಯ ಹಳ್ಳದಲ್ಲೇ ಹೊರಳಿದವನಿಗೆ ಹಳ್ಳ ತೋಡುವುದು ಹೊಳೆದಿರಲಿಲ್ಲ. ಸಾಮಾನೆಲ್ಲ ಹೊರಗೆ ಹಾಕಿ ನಡುವೆ ಸೊಂಟದಾಳ ಅಗೆದ. ಕೆಮ್ಮಣ್ಣು ತಂದು ಜರಡಿ ಹಿಡಿದ. ಎಳ್ಳೆಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಕಲಸಿ ಹಾಸಿದ. ಅಂಚಿನ ಸುತ್ತ ಕೂರುವಷ್ಟು ಕಟ್ಟೆ ಉಳಿಯಿತು. ಈಗ ಸೂರು ದೂರವಾಯಿತು.

ಅಗಲ ಮಾತ್ರ ಇದ್ದಷ್ಟೇ ಇತ್ತು.

"ಎಲ್ಲಾ ಆಯ್ತು ಉಸ್ತಾದ್ರೇ. ಆದ್ರೆ ಇಲ್ಲಿ ಒಬ್ಬ ಕರ್ಲಕಟ್ಟೆ ತಿರುಗಿಸಿದ್ರೆ ಇನ್ನೊಬ್ಬ ಉಸಿರಾಡಂಗಿಲ್ಲ. ನಿಲಯದ ತುಂಬ ಹುಡುಗ್ರು. ಮೇಲ್ವಿಚಾರಕರನ್ನ ಇನ್ನೊಂದು ಕೋಣೆ ಕೇಳನ."

"ಕುಣಿಯಾಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಅಂದರು ಬೀರಯ್ಯನವರು. "ಕುಂಬಾರರ ಕೇರಿಯಿಂದ ಒಂದಷ್ಟು ಹೊಸ ಮಡಕೆ ತಗಂಡು ಬಾ."

ಮಡಕೆ ಬಂತು. ಉಸ್ತಾದರು ಹಳ್ಳಕ್ಕಿಳಿದು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ನಡುವೆ ನಿಂತರು. ಮಡಕೆಗಳನ್ನು ತಮ್ಮ ಸುತ್ತ ಒಂದರ ಮೇಲೊಂದು ಪೇರಿಸಲು ಹೇಳಿದರು. ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಅವರು ನಿಂತ ಜಾಗ ಒಂದು ಮೊರದಗಲ ಉಳಿಯಿತು. ಮಡಕೆಯ ಗೋಡೆಯಿಂದ ತಲೆ, ಹೆಗಲು ಮಾತ್ರ ಕಾಣುತ್ತಿತ್ತು.

"ಎರಡು ಕರ್ಲಕಟ್ಟೆ ಕೊಡು. ದೊಡ್ಡವು."

"ಬ್ಯಾಡ ಉಸ್ತಾದ್ರೇ, ಈ ವಯಸ್ಸಲ್ಲಿ…"

"ಕೊಡ್ಲಾ."

ಮುದುಕರ ಮೈಯಲ್ಲಿ ಮಾಂಸ ಎಲ್ಲಿತ್ತು? ಆದರೂ ಕೊರಡುಗಳು ಎದ್ದವು. ಹೆಗಲ ಮೇಲೆ ಹೋದವು, ಬೆನ್ನ ಹುರಿಗೆ ಅಂಟಿಕೊಂಡು ಜಾರಿದವು, ಪಕ್ಕೆ ಸವರಿ ಮುಂದೆ ಬಂದವು. ಎಲ್ಲಿ ತೋಳು ಮುಗಿಯಿತು, ಎಲ್ಲಿ ಮರ ಶುರುವಾಯಿತು ತಿಳಿಯದಾಯಿತು. ಗಾಳಿ ಮಡಕೆಗಳ ಬಾಯಿಗೆ ಹೊಕ್ಕು ಅವೆಲ್ಲ ಒಟ್ಟಿಗೆ ಗುಂಯ್‌ಗುಡತೊಡಗಿದವು. ಕೋಣೆಯೇ ಓಂಕಾರ ನುಡಿದ ಹಾಗಿತ್ತು.

ಒಂದು ಮಡಕೆಯೂ ಮಿಸುಕಲಿಲ್ಲ.

ಜವರಾಯಿಯ ಮೈಯೆಲ್ಲ ಜುಮ್ಮೆಂದಿತು. ಗುರುವಿನ ಬಳಿ ಇಷ್ಟು ಕಾಲ ಇದ್ದೂ ತಾನು ಅವರನ್ನು ನೋಡಿಯೇ ಇಲ್ಲ ಅನ್ನಿಸಿತು. ತನಗೇ ಅರಿವಿಲ್ಲದೆ ಕೈ ಮುಗಿದಿದ್ದ.

ಉಸ್ತಾದರು ಕರ್ಲಕಟ್ಟೆ ಇಳಿಸಿದರು. "ಎಷ್ಟು ಜಾಗ ಬೇಕಾಯ್ತು?"

"ಮೊರದಗಲ ಉಸ್ತಾದ್ರೇ!"

"ಹೂಂ," ಅಂದು ಅವರು ಮನೆಗೆ ಹೋದರು.

ಜವರಾಯಿಗೆ ಗುಟ್ಟು ಸಿಕ್ಕಿಬಿಟ್ಟಿತು. ಸಿಕ್ಕಿತು ಅಂದುಕೊಂಡ. ಮಾರನೆಯ ದಿನ ಹಳ್ಳದ ತುಂಬ ಮೊರದಗಲದ ವೃತ್ತಗಳನ್ನು ಗೀಚಿದ. ಮನೆಯ ಮುಂದೆ ಹಪ್ಪಳ ಒಣಹಾಕಿದ ಹಾಗೆ ಕಾಣುತ್ತಿತ್ತು. ಮೇಲ್ವಿಚಾರಕರನ್ನು ಕರೆದು, ಎಷ್ಟು ಹುಡುಗರಿದ್ದರೂ ಕಳಿಸಿ ಅಂದ.

ಹುಡುಗರು ಬಂದರು. ವೃತ್ತಕ್ಕೊಬ್ಬರಂತೆ ನಿಂತರು. ಕರ್ಲಕಟ್ಟೆ ಎತ್ತಿದರು.

ಆಮೇಲೆ ನಡೆದದ್ದನ್ನು ಸಾಮು ಅನ್ನಲಾಗದು. ಒಬ್ಬನ ಕೊರಡು ಇನ್ನೊಬ್ಬನ ಮೊಣಕೈಗೆ ಬಡಿಯಿತು. ಅವನು ಹಿಂದೆ ಸರಿದು ಮತ್ತೊಬ್ಬನ ಕಾಲು ತುಳಿದ. ಇಂದುಧರ ಅಂತ ಒಬ್ಬ ಸಣಕಲ ಹುಡುಗ, ನಕ್ಷತ್ರಗಳ ವಿಚಾರ ಓದುವವನು, ತನ್ನ ಕರ್ಲಕಟ್ಟೆಯಿಂದ ಪಕ್ಕದವನ ಹಣೆಗೆ ಬೋರೆಹಣ್ಣಿನಷ್ಟು ಗುಬುಟು ಎಬ್ಬಿಸಿದ. ಪಾಪ, ಏಟು ತಿಂದವನ ಹತ್ತಿರ ತಪ್ಪಾಯ್ತು ಅಂದ, ಉಳಿದವರಿಗೂ ಅಂದ, ಬಾಗಿಲು ತಾಗಿದಾಗ ಬಾಗಿಲಿಗೂ ಅಂದು ಹೊರಟುಹೋದ.

ಮಾರನೆಯ ದಿನ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮುರಿದ ಮಂಚಗಳನ್ನು ತಂದು ಹೊರಗೋಡೆಗೆ ಒರಗಿಸಿದ್ದರು. ಯುಗಾದಿ ಹತ್ತಿರವಾಗಿತ್ತು. ಕೋಣೆ ಹೋದರೆ ಗುರುವಾಗುವ ಮಾತೂ ಅದರ ಹಿಂದೆಯೇ ಹೋಗುತ್ತದೆ ಅಂತ ಜವರಾಯಿಗೆ ಅನ್ನ ಸೇರಲಿಲ್ಲ.

ಉಸ್ತಾದರ ಮುಂದೆ ಹೋಗಿ ಕುಕ್ಕರಿಸಿದ. "ನಿಮ್ ಅಳತೇಲೇ ಹಾಕಿದ್ನಲ್ಲ ಉಸ್ತಾದ್ರೇ!"

"ನನ್ ಅಳತೆ ನಂಗಾಯ್ತು. ಮೊರದಗಲಕ್ಕೆ ಬರಾಕೆ ನಾನು ಬಯಲೆಲ್ಲ ಕೈ ಬೀಸಿ ಬಂದೋನು. ಅವ್ರು ಎಲ್ಲಿಂದ ಬತ್ತಾವ್ರೆ, ನೋಡಿದ್ಯಾ?"

"ನಿಲಯದಿಂದ."

"ಹೋಗು. ಅಲ್ಲಿ ಕೂತ್ಕಂಡು ನೋಡು. ಮಾತಾಡ್ಬ್ಯಾಡ."

ಜವರಾಯಿ ಹೋದ. ಇಂದುಧರನ ಕೋಣೆಯಲ್ಲೇ ಒಂದು ಮೂಲೆ ಹಿಡಿದು ಕೂತ.

ಮಂಚದ ಪಕ್ಕ ಮಂಚ. ನಡುವೆ ಒಬ್ಬ ಅಡ್ಡಡ್ಡ ನಡೆಯುವಷ್ಟು ಸಂದಿ. ಇಂದುಧರ ಮಂಡಿ ಮಡಚಿ, ಮಂಡಿಯ ಮೇಲೆ ಪುಸ್ತಕ ಇಟ್ಟು ಓದುತ್ತಿದ್ದ. ಅಂಗಿ ಹಾಕುವಾಗ ಪಕ್ಕದವನ ಸೊಳ್ಳೆಪರದೆಗೆ ತಾಗದಂತೆ ಒಂದೊಂದೇ ತೋಳು ಮೆಲ್ಲಗೆ ತೂರಿಸುತ್ತಿದ್ದ. ಆಕಳಿಸಿದರೂ ಕೈ ಮೇಲೆ ಹೋಗಲಿಲ್ಲ. ಜವರಾಯಿ ಹಿಂದೆಯೇ ಹೋಗಿ ನೋಡಿದ: ಹುಡುಗ ಬಸ್ಸಿನಲ್ಲಿ ಮಡಚಿಕೊಂಡ, ತರಗತಿಯ ಬೆಂಚಿನಲ್ಲಿ ಮಡಚಿಕೊಂಡ, ಊಟದ ಸಾಲಿನಲ್ಲಿ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡೇ ತಟ್ಟೆ ಹಿಡಿದ.

ಎಲ್ಲರೂ ಹಾಗೇ ಇದ್ದರು. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ.

ಜವರಾಯಿ ಅಷ್ಟನ್ನೂ ನೋಡಿಕೊಂಡ. ಸಂಜೆ ಸೇತುವೆ ದಾಟಿ ಬಂದು ಹೇಳಿದ:

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಉಸ್ತಾದ್ರೇ. ಆ ಮಕ್ಳು ಕೈಯನ್ನೂ ಹಂಗೇ ಮಾಡ್ಕಂಬುಟ್ಟವ್ರೆ. ತಮ್ಮ ತೋಳು ಎಷ್ಟುದ್ದ ಐತೆ ಅಂತ ಅವ್ರಿಗೆ ಗೊತ್ತೇ ಇಲ್ಲ."

ಬೀರಯ್ಯನವರು ಎಲೆಗೆ ಸುಣ್ಣ ಸವರುತ್ತಿದ್ದರು. "ಮತ್ತೆ ನಂತಾವ ಯಾಕೆ ಬಂದೆ?"

ಅವನು ತಿರುಗಿ ಓಡಿದ.

ಹಳ್ಳದ ವೃತ್ತಗಳನ್ನೆಲ್ಲ ಅಂಗೈಯಿಂದ ಅಳಿಸಿದ. ಒಂದನ್ನೂ ಗೀಚಲಿಲ್ಲ. ಕನ್ನಡಿ, ಗುಂಡು, ಗದೆ ಎಲ್ಲ ಹಳೇ ಗರಡಿಗೆ ವಾಪಸ್ಸು. ಬಾಗಿಲ ಹಿಂದಿನ ಗೂಟಕ್ಕೆ ಒಂದೇ ಜೋಡಿ ಹಗುರ ಕರ್ಲಕಟ್ಟೆ. ಬಂದವರೆಲ್ಲ ಸುತ್ತಲ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಕತ್ತು, ಹೆಗಲು, ಉಸಿರಿನ ಸಾಮು ಮಾಡಬೇಕು. ಹಳ್ಳ ಒಂದು ಸಲಕ್ಕೆ ಒಬ್ಬನದು. ಅವನ ಸರದಿ ಮುಗಿಯುವ ತನಕ ಆ ಮಣ್ಣೆಲ್ಲ ಅವನದೇ.

ಆಮೇಲೆ ಇಂದುಧರನನ್ನು ಹುಡುಕಿ ಹೋದ. ಹುಡುಗ ಬರಲೊಲ್ಲ.

"ನಾನು ಯಾರಿಗಾದ್ರೂ ಹೊಡೆದುಬಿಡ್ತೀನಿ ಅಣ್ಣಾ."

"ಹೊಡಿಯಾಕೆ ಯಾರೂ ಇರಕಿಲ್ಲ ಬಾರಪ್ಪ."

ಇಂದುಧರ ಬಂದ. ಅವನ ಜೊತೆ ನಾಲ್ಕಾರು ಗೆಳೆಯರು ಬಂದರು. ಹಣೆ ಊದಿದವನೂ ಇದ್ದ. ಅವರು ಕಟ್ಟೆ ಏರಿ ಕೂತರು. ಇಂದುಧರ ಮಣ್ಣಿಗಿಳಿದ.

"ಕರ್ಲಕಟ್ಟೆ ಆಮೇಲೆ," ಅಂದ ಜವರಾಯಿ. "ಮೊದ್ಲು ಎರಡೂ ಕೈ ಚಾಚು. ಇನ್ನೂ. ಬೆರಳೂ ಚಾಚು. ಹಂಗೇ ಒಂದು ಸುತ್ತು ತಿರುಗು."

ಹುಡುಗ ಕಣ್ಣು ಮುಚ್ಚಿಕೊಂಡು, ಏನೋ ತಾಗೇ ತಾಗುತ್ತದೆ ಅನ್ನುವ ಹಾಗೆ, ಹೆದರಿ ಹೆದರಿ ತಿರುಗಿದ. ಒಂದು ಸುತ್ತು ಮುಗಿಯಿತು. ಕಣ್ಣು ಬಿಟ್ಟ.

"ಏನೂ ತಾಗಲಿಲ್ಲ ಅಣ್ಣಾ."

ಮತ್ತೆ ತಿರುಗಿದ. ಈ ಸಲ ಬೇಗ. ಮುದುಡಿದ ಬೆನ್ನು ಗೆಣ್ಣು ಗೆಣ್ಣಾಗಿ ನೆಟ್ಟಗಾಯಿತು. ಎದೆ ತೆರೆಯಿತು. ಆ ಸಣಕಲ ತೋಳುಗಳು ಎಷ್ಟು ಉದ್ದವಿದ್ದವು! ಎಲ್ಲಿ ಬಚ್ಚಿಟ್ಟಿದ್ದನೋ ಅವನ್ನು. ಹುಡುಗ ಗಟ್ಟಿಯಾಗಿ ನಗತೊಡಗಿದ. ಕಟ್ಟೆಯ ಮೇಲಿದ್ದವರು ನಗುವುದನ್ನೂ ಮರೆತು ನೋಡುತ್ತಿದ್ದರು.

ಜವರಾಯಿ ಹಳ್ಳದ ಮೂಲೆಯಲ್ಲಿ ನಿಂತು ನೋಡಿದ. ಎಷ್ಟೋ ಜಟ್ಟಿಗಳನ್ನು ಕೆಡವಿದ್ದ, ಜನ ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಆದರೆ ಮನುಷ್ಯನೊಬ್ಬ ತನ್ನ ಮೈಯನ್ನು ತಾನು ಮೊದಲ ಸಲ ಕಾಣುವುದನ್ನು ಅವನು ಇದುವರೆಗೆ ನೋಡಿರಲಿಲ್ಲ. ಅಂಗೈಯಗಲದ ಸೌದೆ ಕೋಣೆಯಲ್ಲಿ ಇಷ್ಟು ದೊಡ್ಡದು ನಡೆಯುತ್ತದೆ ಅಂತ ಯಾರು ಕಂಡಿದ್ದರು?

ಆಗ ಅವನೊಂದು ಗಮನಿಸಿದ. ಹುಡುಗನ ಕೈ ಎಲ್ಲ ಕಡೆಯೂ ಪೂರ್ತಿ ಚಾಚಿಕೊಳ್ಳುತ್ತದೆ. ತಾನು ನಿಂತ ಕಡೆ ಬಂದಾಗ ಮಾತ್ರ ಮೊಣಕೈ ಮಡಚಿಕೊಳ್ಳುತ್ತದೆ. ಒಂದು ಸಲ ನೋಡಿದ. ಇನ್ನೊಂದು ಸಲ ನೋಡಿದ. ಹಳ್ಳದ ಗೋಡೆಗೆ ಬೆನ್ನು ಒತ್ತಿ ನಿಂತ, ಹೊಟ್ಟೆ ಒಳಕ್ಕೆಳೆದುಕೊಂಡ. ಆದರೂ ಅಲ್ಲಿ ಕೈ ಮಡಚಿತು.

ಜವರಾಯಿ ಸದ್ದಾಗದಂತೆ ಹಳ್ಳ ಹತ್ತಿ, ಬಾಗಿಲು ದಾಟಿ ಹೊರಗೆ ಹೋದ. ಕಿಟಕಿಯ ಬಳಿ ನಿಂತು ಇಣುಕಿದ.

ಹುಡುಗನ ತೋಳು ಈಗ ಒಂದು ಕಡೆಯೂ ಮಡಚದೆ ಪೂರ್ತಿ ಸುತ್ತಿಕೊಂಡು ಬಂತು. ಜವರಾಯಿ ಕಣ್ಣೊರೆಸಿಕೊಂಡ.

ಅಷ್ಟು ಹೊತ್ತಿಗೆ ಬೀರಯ್ಯನವರು ಕೋಲೂರಿಕೊಂಡು ಸೇತುವೆ ದಾಟಿ ಬಂದರು. ಮಂಚಗಳ ಪಕ್ಕ ಬಿಸಿಲಲ್ಲಿ ನಿಂತ ಶಿಷ್ಯನನ್ನು ನೋಡಿದರು.

"ಗರಡಿ ಕಟ್ಟಿದೋನು ಈಚೆ ಯಾಕ್ಲಾ ನಿಂತಿದ್ದೀಯ?"

"ನಾನು ಒಳಗಿದ್ರೆ ಆ ಮಗೀಗೆ ಜಾಗ ಸಾಲದು ಉಸ್ತಾದ್ರೇ."

ಬೀರಯ್ಯನವರು ಕಿಟಕಿಯ ಹತ್ತಿರ ಬಂದರು. ಒಳಗೆ ಹುಡುಗ ಇನ್ನೂ ನಗುತ್ತಿದ್ದ. ಉಸ್ತಾದರು ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು:

"ವಸಿ ಅತ್ತ ಸರ್ಕ ಮಗ. ಗುರು ನಿಲ್ಲೋ ಜಾಗ ಇದು. ಇಬ್ರಿಗೆ ಸಾಲ್ತದೆ."