ಸಿಂಹಾಸನದ ಮಡಿ

ಬೆಟ್ಟದೂರಿನ ಹಳೆಯ ಅರಮನೆಯಲ್ಲಿ ಮರದ ಸಿಂಹಾಸನವೊಂದಿತ್ತು. ಅದರ ಸುತ್ತ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಎಂದು ಬೋರ್ಡು ತೂಗುಹಾಕಿದ ದಿನದಿಂದ ಅದರ ಕಣ್ಣು ನೆತ್ತಿಗೇರಿತ್ತು.

ಕಿಟಕಿಯಾಚೆ ತೋಟದಲ್ಲೊಂದು ಕಲ್ಲುಬೆಂಚು. ಅರಮನೆ ನೋಡಲು ಬಂದವರೆಲ್ಲ ಅದರ ಮೇಲೆ ಕೂತು, ಚುರುಮುರಿ ತಿಂದು, ಅದಕ್ಕೇ ಕೈ ಒರೆಸಿ ಹೋಗುತ್ತಿದ್ದರು.

“ಥೂ! ಕಂಡಕಂಡವರ ಮೈಲಿಗೆಯೆಲ್ಲ ನಿನ್ನ ಮೈಮೇಲೆ,” ಎಂದಿತು ಸಿಂಹಾಸನ. “ನನ್ನನ್ನು ನೋಡು. ಮಡಿಯೆಂದರೆ ಇದು.”

“ತಮ್ಮ ಪುಣ್ಯ ಸ್ವಾಮಿ,” ಎಂದಿತು ಬೆಂಚು. “ಆದರೆ ಯಾರೂ ಕೂರದಿದ್ದರೆ ಅದು ಆಸನ ಹೇಗಾದೀತು?”

ತಕ್ಕ ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಸಿಂಹಾಸನದ ಕಾಲೊಳಗೆ ಏನೋ ಕಚಗುಳಿಯಿಟ್ಟಂತಾಯಿತು.

“ಯಾರದು?”

“ಗೆದ್ದಲು, ಪ್ರಭು. ಸಂಸಾರ ಸಮೇತ ಊಟಕ್ಕೆ ಕೂತಿದ್ದೇವೆ.”

“ಬೋರ್ಡು ಕಾಣಲಿಲ್ಲವೇ?”

“ಕಂಡೇ ಬಂದೆವು. ಅದಿದ್ದ ಕಡೆ ಯಾರೂ ಕೈಯಿಟ್ಟು ನೋಡುವುದಿಲ್ಲ.”

ಆ ಹೊತ್ತಿಗೆ ಅಲ್ಲಿಗೆ ಬಂದ ಹೆಂಗಸೊಬ್ಬಳು, “ಅಯ್ಯೋ, ಕಾಲಿಗೆ ಗೆದ್ದಲು ಹಿಡಿದ ಹಾಗಿದೆಯಲ್ಲ!” ಎಂದು ಹಗ್ಗದ ಮೇಲಿಂದ ಕೈ ಚಾಚಿದಳು. ಮುಟ್ಟು ತಾಯಿ, ಒಂದು ಸಲ ಅಲುಗಿಸಿ ನೋಡು ಎಂದು ಸಿಂಹಾಸನ ಒಳಗೊಳಗೇ ಹಂಬಲಿಸಿತು.

“ಏನಮ್ಮಾ, ಬೋರ್ಡು ಓದೋಕೆ ಬರಲ್ವಾ?” ಎಂದು ಕಾವಲುಗಾರ ಗದರಿದ. ಆಕೆ ಕೈ ಹಿಂತೆಗೆದುಕೊಂಡು, ತೋಟಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತಳು.

“ಚಿಂತೆ ಬೇಡ ಪ್ರಭು,” ಎಂದಿತು ಗೆದ್ದಲು, ಬಾಯಿ ಒರೆಸಿಕೊಳ್ಳುತ್ತ. “ತಮ್ಮ ಮಡಿ ಕೆಡಲಿಲ್ಲ.”