ಕೊಳ ಮುಚ್ಚುವ ಸಭೆ

ಆಗ ಆ ಊರಿನ ಪುರಸಭೆಗೆ ಕೇರೆಹಾವು ಅಧ್ಯಕ್ಷ. ಊರ ನಡುವಿನ ಕೊಳ ಮುಚ್ಚಿ ದಿನಸಿ ಮಳಿಗೆ ಕಟ್ಟಿಸಬೇಕು ಅಂತ ಅವನಿಗೆ ಆಸೆ ಹುಟ್ಟಿತು. ಯಾಕೆ ಅಂತ ಕೇಳಿದರೆ ಊರವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ದಿನಸಿ ಬಂದರೆ ಇಲಿ ಬರುತ್ತದೆ, ಇಲಿ ಬಂದರೆ ಅಧ್ಯಕ್ಷರು ಕೂತಲ್ಲೇ ಉಣ್ಣಬಹುದು.

ಕಪ್ಪೆ ದ್ಯಾವಮ್ಮ ಆ ಕೊಳದ ಅಂಚಿನಲ್ಲಿ ಆಗಷ್ಟೇ ಮೊಟ್ಟೆ ಇಟ್ಟಿದ್ದಳು. ಸುದ್ದಿ ಕೇಳಿ ಅವಳ ಜೀವವೇ ಹಾರಿಹೋದಂತಾಯಿತು. ನೆರೆಯ ಕಪ್ಪೆಗಳಂತೂ ಬೆಳಗಿನಿಂದ ವಟಗುಟ್ಟಿದ್ದೇ ವಟಗುಟ್ಟಿದ್ದು.

"ಸಭೆಯಲ್ಲಿ ನೀನು ಬಾಯಿ ತೆಗಿ ದ್ಯಾವಕ್ಕ, ಹಿಂದೆ ನಾವೆಲ್ಲ ಇದ್ದೀವಿ" ಅಂದವು.

ಸಭೆ ಕೊಳದ ದಂಡೆಯಲ್ಲೇ ಕೂಡಿತು. ಹುಲ್ಲು ಸರಸರ ಅಂದದ್ದೇ ತಡ, ಕಪ್ಪೆಗಳೆಲ್ಲ ವಟಗುಟ್ಟುವುದು ಬಿಟ್ಟು ನೀರಿಗಿಳಿದವು. ಆ ಪುರಸಭೆಯ ಪದ್ಧತಿಯೂ ಹಾಗೇ ಇತ್ತು, ಮಾತಾಡದವರೆಲ್ಲ ಒಪ್ಪಿದವರ ಲೆಕ್ಕ.

"ಸಾರ್ವಜನಿಕರ ಆಕ್ಷೇಪಣೆ ಏನಾದರೂ ಇದೆಯೇ?" ಅಂದ ಕೇರೆಹಾವು, ಬಲು ಮರ್ಯಾದೆಯಿಂದ.

ದ್ಯಾವಮ್ಮ ಮುಂದೆ ಕುಪ್ಪಳಿಸಿ ಅಂದಳು, "ಇದೆ ಸ್ವಾಮಿ. ನೀರಲ್ಲಿ ನನ್ನ ಮೊಟ್ಟೆಗಳಿವೆ. ನಮಗೆಲ್ಲ ಈ ಕೊಳ ಬೇಕು."

"ನಮಗೆಲ್ಲ ಅಂದರೆ ಯಾರು ಯಾರು ತಾಯಿ?"

ದ್ಯಾವಮ್ಮ ಹಿಂದೆ ತಿರುಗಿದಳು. ನೀರ ಮೇಲೆ ಬರೀ ಕಣ್ಣುಗಳು ತೇಲುತ್ತಿದ್ದವು, ಒಂದಕ್ಕೂ ಬಾಯಿಲ್ಲ.

"ಹಾಗಾದರೆ ಆಕ್ಷೇಪಣೆ ಈಕೆಯದೊಂದೇ" ಅಂದ ಹಾವು. "ನಾನೇ ಮನೆಗೆ ಬಂದು ವಿಚಾರಿಸುತ್ತೇನೆ. ಇವರ ಮನೆ ಯಾವುದು?"

ಕೊಳಕ್ಕಾಗಿ ಒಂದು ಸೊಲ್ಲೂ ಎತ್ತದ ಕಪ್ಪೆಗಳು ಆಗ ಒಟ್ಟಿಗೆ ಬಾಯಿಬಿಟ್ಟವು.

"ಆ ಕಲ್ಲಿನ ಕೆಳಗೆ ಸ್ವಾಮಿ, ಆ ಕಲ್ಲಿನ ಕೆಳಗೆ."